ಹಳೆಯ ಗೋಡೆಯ ಗಾರೆ



ಚರಿತ್ರೆಯನ್ನು ಶಾಸನಗಳಲ್ಲಿಯೂ ನಾಣ್ಯಗಳಲ್ಲಿಯೂ ಹುಡುಕುವುದು ವಾಡಿಕೆ. ನಮ್ಮ ಹಿರಿಯರು ಕಟ್ಟಿಸಿದ ಮನೆಯ ಗೋಡೆಗೂ ಒಂದು ಚರಿತ್ರೆಯುಂಟು. ಅದನ್ನರಿಯದೆ ರಿಪೇರಿಗೆ ಕೈಹಾಕಿದರೆ ಗೋಡೆಗೇ ಕೇಡು.

ಸುಣ್ಣದ ಗಾರೆ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ಶಿಲ್ಪಿ ವಿಟ್ರುವಿಯಸನು, ಒರಟು ಲೇಪದ ಮೇಲೆ ಮರಳುಗಾರೆಯ ಮೂರು ಪದರಗಳನ್ನೂ ಅಮೃತಶಿಲೆಯ ಪುಡಿ ಬೆರೆಸಿದ ಮೂರು ಪದರಗಳನ್ನೂ ಬಳಿಯಬೇಕೆಂದು ವಿಧಿಸಿದ್ದಾನೆ. ನಮ್ಮಲ್ಲಿ ಹಂಪೆಯ ಗೋಪುರಗಳ ಇಟ್ಟಿಗೆಯ ಮೈಯನ್ನು ಬೊಂಬೆಗಳಿಂದ ತುಂಬಿದುದು ಈ ಗಾರೆಯೇ. ಬೆಲ್ಲದ ನೀರು, ಅಳಲೆಕಾಯಿಯ ರಸ ಇವುಗಳನ್ನು ಬೆರೆಸಿ ಅರೆಯುವ ಪದ್ಧತಿಯೂ ನಮ್ಮವರಿಗೆ ತಿಳಿದಿತ್ತು.

ಗಾರೆ ಗಟ್ಟಿಯಾಗುವ ರಹಸ್ಯಕ್ಕೆ ದಾರಿ ತೋರಿದವು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು 1756ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಶುದ್ಧವಾದ ಸುಣ್ಣಕಲ್ಲನ್ನು 100 ತೊಲ ಸುಟ್ಟರೆ 44 ತೊಲ ಇಂಗಾಲಾಮ್ಲ ವಾಯುವಾಗಿ ಹೋಗಿ 56 ತೊಲ ಸುಟ್ಟ ಸುಣ್ಣ ಉಳಿಯುತ್ತದೆ. ನೀರಿನಿಂದ ಅರಳಿಸಿ ಗೋಡೆಗೆ ಬಳಿದ ಮೇಲೆ ಅದು ಕಳೆದುಕೊಂಡ ವಾಯುವನ್ನೇ ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿ ಮರಳಿ ಕಲ್ಲಾಗುತ್ತದೆ. ಆದುದರಿಂದಲೇ ತೆಳುವಾದ ಪದರಗಳೂ ತಾಳ್ಮೆಯೂ ಬೇಕು.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. 1914ರಲ್ಲಿ ಪೋರಬಂದರಿನ ಕಾರ್ಖಾನೆಯೂ ಸಿಮೆಂಟು ತಯಾರಿಸತೊಡಗಿತು. ಆದರೆ 1911ರಲ್ಲಿ ಪ್ರಾರಂಭವಾದ ಕನ್ನಂಬಾಡಿಯ ಮಹಾಕಟ್ಟೆ ನಿಂತಿರುವುದು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಸೇರಿಸಿದ ಸುರ್ಕಿ ಗಾರೆಯ ಬಲದಿಂದ. ಸಿಮೆಂಟು ಕೀಳೆಂದು ನನ್ನ ವಾದವಲ್ಲ. ಹಳೆಯ ಗೋಡೆಗೆ ಅದು ಹೊಂದದು. ಮೆತುವಾದ ಇಟ್ಟಿಗೆ ಹೀರಿದ ತೇವವು ಸುಣ್ಣದ ಮೂಲಕ ಹೊರಗೆ ಆರಿಹೋಗುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವವೂ ಉಪ್ಪೂ ಒಳಗೇ ಉಳಿದು, ಲೇಪ ಭದ್ರವಾಗಿ ಕಾಣುತ್ತಿರುವಾಗಲೇ ಇಟ್ಟಿಗೆ ಪುಡಿಯಾಗುತ್ತದೆ.

ಹಾಗಾದರೆ ಗೃಹಸ್ಥರು ಮಾಡಬೇಕಾದುದೇನು? ಮೊದಲು ಸೋರುವ ಮಾಡನ್ನೂ ನೀರು ನಿಲ್ಲುವ ಅಡಿಪಾಯವನ್ನೂ ಸರಿಪಡಿಸತಕ್ಕದ್ದು. ಬಳಿಕ ಬೆರಳಿನಿಂದ ಗೋಡೆಯನ್ನು ತಟ್ಟಿ ನೋಡಬೇಕು. ಟೊಳ್ಳುದನಿ ಬಂದ ಕಡೆ ಮಾತ್ರ ಕಿತ್ತು, ಗಟ್ಟಿಯಾದುದನ್ನು ಮುಟ್ಟದೆ ಬಿಡಬೇಕು. ಧೂಳು ತೆಗೆದು, ನೀರು ಚಿಮುಕಿಸಿ, ಒಂದು ಪಾಲು ಅರಳಿದ ಸುಣ್ಣಕ್ಕೆ ಸುಮಾರು ಮೂರು ಪಾಲು ತೊಳೆದ ಮರಳು ಬೆರೆಸಿ ಬಳಿಯಬೇಕು. ಮೊದಲ ಪದರವನ್ನು ಗೀರಿಟ್ಟು, ಅದು ಬಿಗಿದುಕೊಂಡ ಮೇಲೆ ಎರಡನೆಯದು. ಕಡೆಗೆ ನಯವಾದ ಸುಣ್ಣದ ತೆಳುಲೇಪವನ್ನು ಕರಣೆಯಿಂದ ಒತ್ತಿ ತೀಡಬೇಕು. ಕೆಲವು ದಿನ ಬಿಸಿಲು ತಾಗದಂತೆ ತೇವವಾಗಿಡಬೇಕು. ಸುಣ್ಣ ಕಣ್ಣನ್ನು ಸುಡುವುದೆಂಬ ಎಚ್ಚರವೂ ಇರಲಿ.

ಗಾರೆಯ ಹದವನ್ನು ಕೈಯಿಂದಲೇ ಅರಿತ ಕೆಲಸಗಾರರು ವಿರಳರಾಗುತ್ತಿದ್ದಾರೆ. ನಾವು ಕರೆದು ಕೆಲಸ ಕೊಟ್ಟರೆ ಅವರ ವಿದ್ಯೆ ಮಕ್ಕಳಿಗೆ ದಾಟೀತು. ಕೊಡದಿದ್ದರೆ ಆ ವಿದ್ಯೆಯೊಡನೆ ನಮ್ಮ ಹಳೆಯ ಮನೆಗಳೂ ಅಳಿದುಹೋಗುವುವು.