ನೂರೆಂಬತ್ತು ಮಿಲಿಮೀಟರಿನ ಕಿಂಡಿ: ಕಾರ್ ಸ್ಟೀರಿಯೋ ಬದಲಿಸುವ ಕಸುಬಿನ ಚರಿತ್ರೆ

ಕಾರಿನ ಜೊತೆಯಲ್ಲೇ ಕಂಪನಿಯಿಂದ ಬಂದ ಸ್ಟೀರಿಯೋ ಬಿಚ್ಚಿ ಆ ಜಾಗಕ್ಕೆ ಟಚ್‌ಸ್ಕ್ರೀನ್ ಕೂರಿಸುವುದು ಇಂದು ಆಕ್ಸೆಸರೀಸ್ ಅಂಗಡಿಯಲ್ಲಿ ಕೆಲವೇ ಗಂಟೆಗಳ ಕೆಲಸ. ಕಾರಿನ ಮಾದರಿಗೆ ಹೊಂದುವ ಪ್ಲಾಸ್ಟಿಕ್ ಫ್ರೇಮ್ ಮತ್ತು ವೈರುಗಳನ್ನು ಜೋಡಿಸುವ ಕಪ್ಲರ್ ಸಿಕ್ಕರೆ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಈ ಸಲೀಸು ಬಂದದ್ದು ಒಂದು ಅಳತೆಯಿಂದ. 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಸೆಟ್ಟು ಹಿಡಿಸುವಂಥ ಕಿಂಡಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಬಿಡಬೇಕೆಂದು ಕಾರು ತಯಾರಕರೂ ರೇಡಿಯೋ ತಯಾರಕರೂ ಒಂದು ಕಾಲದಲ್ಲಿ ಒಪ್ಪಿಕೊಂಡರು. ಕಾರು ಕೊಂಡವರಿಗೆ ತಮಗೆ ಬೇಕಾದ ಸೆಟ್ಟನ್ನು ಬೇಕಾದ ಅಂಗಡಿಯಲ್ಲಿ ಹಾಕಿಸುವ ಸ್ವಾತಂತ್ರ್ಯ ದಕ್ಕಿದ್ದು ಆ ಒಪ್ಪಂದದಿಂದ. ಈ ಕಸುಬಿನ ಚರಿತ್ರೆ ಬಹುಮಟ್ಟಿಗೆ ಆ ಕಿಂಡಿಯದೇ ಚರಿತ್ರೆ.

ಮೊದಲಿಗೆ ರೇಡಿಯೋ ಕಾರಿನ ಅಂಗವೇ ಆಗಿರಲಿಲ್ಲ. ಕಂಪನಿ ಹಾಕಿಕೊಟ್ಟ ಸೆಟ್ಟು ಮೊದಲು, ಹೊರಗಿನದು ಆಮೇಲೆ ಎಂದು ಈಗ ತೋರುತ್ತದೆ, ನಡೆದದ್ದು ತಿರುವುಮುರುವು. 1930ರಲ್ಲಿ ಶಿಕಾಗೋದ ಗ್ಯಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಶನ್ನಿನ ಪಾಲ್ ಗ್ಯಾಲ್ವಿನ್ ತನ್ನ ಸ್ಟುಡ್‌ಬೇಕರ್ ಕಾರಿಗೆ ರೇಡಿಯೋ ಜೋಡಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ್ದ ರೇಡಿಯೋ ತಯಾರಕರ ಸಮ್ಮೇಳನಕ್ಕೆ ಹೋದ. ಒಳಗೆ ಮಳಿಗೆ ಇರಲಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ ಹೋಗಿಬರುವವರಿಗೆ ರೇಡಿಯೋ ಕೇಳಿಸಿ ಆರ್ಡರು ಹಿಡಿದ. ಆ ಸೆಟ್ಟಿಗೆ ಇಟ್ಟ ಹೆಸರು ಮೋಟೊರೋಲಾ. 1947ರಲ್ಲಿ ಕಂಪನಿಯೇ ಆ ಹೆಸರು ತಳೆಯಿತು. 5ಟಿ71 ಎಂಬ ಆ ಮಾದರಿಯ ಬೆಲೆ 110ರಿಂದ 130 ಡಾಲರ್. ಅದೇ ಕಾಲದಲ್ಲಿ ಫೋರ್ಡ್ ಮಾಡೆಲ್ ಎ ಕಾರು ಸುಮಾರು 540 ಡಾಲರಿಗೆ ಸಿಗುತ್ತಿತ್ತು.

ಅದನ್ನು ಜೋಡಿಸುವುದು ಕಾರನ್ನೇ ಅರ್ಧ ಬಿಚ್ಚುವ ಕೆಲಸವಾಗಿತ್ತು. ಸೆಟ್ಟಿನ ಪೆಟ್ಟಿಗೆ ಒಂದೆಡೆ, ಸ್ಪೀಕರ್ ಇನ್ನೊಂದೆಡೆ, ಬ್ಯಾಟರಿಗಳು ನೆಲದ ಹಲಗೆಯ ಅಡಿಯಲ್ಲಿ, ಆಂಟೆನಾ ತಂತಿ ಚಾವಣಿಯ ಬಟ್ಟೆಯೊಳಗೆ. ಅಂದಿನ ಕಾರಿನ ಬ್ಯಾಟರಿ 6 ವೋಲ್ಟಿನದು. ರೇಡಿಯೋದ ವಾಲ್ವ್‌ಗಳಿಗೆ ಬೇಕಾದದ್ದು ಅದರ ಹತ್ತಾರು ಪಟ್ಟು. ಅದಕ್ಕೆಂದು ಪ್ರತ್ಯೇಕ ಬ್ಯಾಟರಿ ಇಡಬೇಕಿತ್ತು. ಮುಂದೆ ವೈಬ್ರೇಟರ್ ಎಂಬ ಸಾಧನ ಬಂತು. ಅದು ಬ್ಯಾಟರಿಯ ಕರೆಂಟನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ವೋಲ್ಟೇಜ್ ಏರಿಸುತ್ತಿತ್ತು. ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಕಿಡಿಯುಗುಳುವಾಗೆಲ್ಲ ರೇಡಿಯೋದಲ್ಲಿ ಚಟಪಟ ಸದ್ದು ಏಳುತ್ತಿದ್ದುದರಿಂದ ಪ್ಲಗ್ಗಿನ ವೈರಿಗೆ ರೆಸಿಸ್ಟರ್, ಡೈನಮೊಗೆ ಕೆಪಾಸಿಟರ್ ಹಾಕಬೇಕಿತ್ತು. ಎರಡು ವರ್ಷದ ಬಳಿಕ, 1932ರಲ್ಲಿ, ಯುರೋಪಿನ ಮೊದಲ ಕಾರ್ ರೇಡಿಯೋ ಬರ್ಲಿನ್ನಿನಲ್ಲಿ ತಯಾರಾಯಿತು: ಬ್ಲೌಪುಂಕ್ಟ್ ಆಟೋಸೂಪರ್ ಎಎಸ್5. ಸುಮಾರು 15 ಕಿಲೋ ತೂಕದ ಆ ಪೆಟ್ಟಿಗೆಗೆ ಚಾಲಕನ ಕೈಯಳತೆಯಲ್ಲಿ ಜಾಗವಿರಲಿಲ್ಲ. ಹಾಗಾಗಿ ನಿಯಂತ್ರಣದ ಗುಂಡಿಗಳನ್ನು ಮಾತ್ರ ಸ್ಟಿಯರಿಂಗ್ ಕಂಬಕ್ಕೆ ತಂದು ಕಟ್ಟಿದರು.

ಕಿಂಡಿಗೆ ದಾರಿಯಾದದ್ದು ಟ್ರಾನ್ಸಿಸ್ಟರಿನಿಂದ. 1955ರಲ್ಲಿ ಅಮೆರಿಕದ ಕ್ರೈಸ್ಲರ್ ಮತ್ತು ಫಿಲ್ಕೋ ಕಂಪನಿಗಳು ಸೇರಿ ವಾಲ್ವೇ ಇಲ್ಲದ ಕಾರ್ ರೇಡಿಯೋ ತಂದವು. ವೈಬ್ರೇಟರ್ ಬೇಡವಾಯಿತು, ಸೆಟ್ಟು ಕುಗ್ಗಿತು, ಡ್ಯಾಶ್‌ಬೋರ್ಡಿನ ಒಳಗೇ ಹಿಡಿಸತೊಡಗಿತು. ಆದರೆ ಆ ಜಾಗದ ಆಕಾರ ಪ್ರತಿ ಕಂಪನಿಗೂ ಬೇರೆ. ಎರಡು ತುದಿಗೆ ಎರಡು ನಾಬ್, ನಡುವೆ ಸ್ಟೇಷನ್ ತೋರಿಸುವ ಗಾಜು ಎಂಬ ವಿನ್ಯಾಸ ಎಲ್ಲೆಡೆ ಒಂದೇ ಆದರೂ ನಾಬುಗಳ ನಡುವಿನ ಅಂತರ ಒಂದರಂತೆ ಒಂದಿರಲಿಲ್ಲ. ಬೇರೆ ಸೆಟ್ಟು ಕೂರಿಸಬೇಕಾದರೆ ಅರ ಮತ್ತು ಗರಗಸ ಹಿಡಿಯಲೇಬೇಕು. ಒಮ್ಮೆ ಕೊಯ್ದ ಡ್ಯಾಶ್‌ಬೋರ್ಡು ಮತ್ತೆ ಮೊದಲಿನಂತಾಗದು. ಅಮೆರಿಕದ ವರ್ಜೀನಿಯಾದಲ್ಲಿ 1974ರಲ್ಲಿ ಶುರುವಾದ ಕ್ರಚ್‌ಫೀಲ್ಡ್ ಎಂಬ ಅಂಚೆ ಮಾರಾಟದ ಸಂಸ್ಥೆ ಯಾವ ಕಾರಿಗೆ ಯಾವ ಸೆಟ್ಟು ಹಿಡಿಸುತ್ತದೆ, ಹೇಗೆ ಕೂರಿಸಬೇಕು ಎಂಬ ವಿವರ ಕೊಟ್ಟೇ ಬೆಳೆಯಿತು. ಈ ಕಸುಬಿನಲ್ಲಿ ಮಾಹಿತಿಯೂ ಸೆಟ್ಟಿನಷ್ಟೇ ಬೆಲೆಯುಳ್ಳ ಸರಕು.

ಅದೇ ಹೊತ್ತಿಗೆ ಕೇಳುವುದು ಏನನ್ನು ಎಂಬುದೂ ಬದಲಾಗುತ್ತಿತ್ತು. ಕಾರಿನಲ್ಲಿ ಗ್ರಾಮಫೋನ್ ತಟ್ಟೆ ತಿರುಗಿಸುವ ಪ್ರಯತ್ನ 1956ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ನಡೆದು ಬೇಗನೆ ನಿಂತಿತು. 1965ರಲ್ಲಿ ಫೋರ್ಡ್ ಕೊಟ್ಟ ಎಂಟು ಟ್ರ್ಯಾಕಿನ ಟೇಪು ಅಮೆರಿಕದಲ್ಲಿ ಒಂದು ದಶಕ ಮೆರೆಯಿತು. ಕೊನೆಗೆ ಗೆದ್ದದ್ದು ಫಿಲಿಪ್ಸ್ 1963ರಲ್ಲಿ ತಂದ ಪುಟ್ಟ ಕ್ಯಾಸೆಟ್.

ಭಾರತದಲ್ಲಿ ಅಂಬಾಸಡರ್, ಪದ್ಮಿನಿ ಕಾರುಗಳ ಕಾಲವೆಲ್ಲ ರೇಡಿಯೋ ಎಂದರೆ ಅಂಗಡಿಯಲ್ಲಿ ಹಾಕಿಸಿಕೊಂಡದ್ದೇ. ರೇಡಿಯೋ ಇಟ್ಟುಕೊಳ್ಳಲು ಸರ್ಕಾರದ ಪರವಾನಗಿ ಬೇಕಿತ್ತು. ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಅದನ್ನು ನವೀಕರಿಸಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಅಷ್ಟರಲ್ಲಿ ಕ್ಯಾಸೆಟ್ ಕನ್ನಡ ನಾಡಿಗೂ ಬಂದಿತ್ತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟಾಗಿ ಬಂತು. ಆಕಾಶವಾಣಿ ಹಾಕಿದಾಗ ಮಾತ್ರ ಕೇಳಬಹುದಾಗಿದ್ದ ಹಾಡು ಬೇಕೆಂದಾಗ ಸಿಗುವಂತಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಮಧ್ಯಮ ವರ್ಗದ ಮನೆಗಳಿಗೆ ಹೊಸ ಕಾರು ಬರತೊಡಗಿತು, ಜೊತೆಗೆ ಅದಕ್ಕೊಂದು ಟೇಪು ಹಾಕಿಸುವ ಆಸೆಯೂ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಜನರಲ್ ಪ್ಯಾಟರ್ಸ್ ರಸ್ತೆ, ದೆಹಲಿಯ ಕರೋಲ್ ಬಾಗ್ ಈ ಕೆಲಸಕ್ಕೆ ಹೆಸರಾದವು. ಅಲ್ಲಿನ ಎಲೆಕ್ಟ್ರಿಷಿಯನ್ನರಲ್ಲಿ ಬಹಳ ಮಂದಿ ವಿದ್ಯೆ ಕಲಿತದ್ದು ಶಾಲೆಯಲ್ಲಲ್ಲ, ಅಂಗಡಿಯ ಮುಂದಿನ ರಸ್ತೆಯಲ್ಲೇ, ಕಾರಿನ ಸೀಟಿನಡಿ ಬೆನ್ನು ಚಾಚಿ. ಮ್ಯಾನುಯಲ್ ಇಲ್ಲದೆ, ಟೆಸ್ಟ್ ಲ್ಯಾಂಪೊಂದನ್ನು ಹಿಡಿದು ಅಪರಿಚಿತ ಕಾರಿನ ವೈರುಗಳನ್ನು ಗುರುತಿಸುವ ಅವರ ಜಾಣ್ಮೆ ಯಾವ ಪುಸ್ತಕದಲ್ಲೂ ದಾಖಲಾಗದೆ ಹೋದದ್ದು ನಷ್ಟವೇ ಸರಿ.

ಅವರ ಕೆಲಸ ಹಗುರಾದದ್ದು ಜರ್ಮನಿಯ ಮಾನಕ ಸಂಸ್ಥೆ ಡಿನ್ ಗೊತ್ತುಮಾಡಿದ ಅಳತೆಯಿಂದ. 1984ರಲ್ಲಿ ಅದು ಐಎಸ್‌ಒ 7736 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. 180ಕ್ಕೆ 50ರ ಸೆಟ್ಟಿಗೆ ಅಂಗಡಿಗಳಲ್ಲಿ ‘ಸಿಂಗಲ್ ಡಿನ್’ ಎಂಬ ಹೆಸರೇ ನಿಂತಿತು. ಕೂರಿಸುವ ವಿಧಾನವೂ ಸುಲಭ: ತೆಳು ತಗಡಿನ ಚೌಕಟ್ಟನ್ನು ಕಿಂಡಿಯೊಳಗೆ ತೂರಿಸಿ, ಅದರ ಅಂಚಿನ ನಾಲಗೆಗಳನ್ನು ಹೊರಕ್ಕೆ ಬಗ್ಗಿಸಿದರೆ ಅದು ಕಚ್ಚಿ ನಿಲ್ಲುತ್ತದೆ, ಆಮೇಲೆ ಸೆಟ್ಟನ್ನು ಒಳಕ್ಕೆ ಜಾರಿಸಿದರೆ ‘ಟಕ್’ ಎಂದು ಕೂರುತ್ತದೆ. ಬಿಚ್ಚಲು ಎರಡು ತೆಳು ಕೀಲಿ ಸಾಕು. ಜಪಾನಿನ ಕಾರುಗಳಲ್ಲಿ ಎತ್ತರ 100 ಮಿ.ಮೀ. ಆಗಿ ‘ಡಬಲ್ ಡಿನ್’ ಬಂತು. ಎಲ್ಲರೂ ಈ ಸಾಲಿಗೆ ಬರಲಿಲ್ಲ; ಜನರಲ್ ಮೋಟರ್ಸ್ ಬಹುಕಾಲ ಒಂದೂವರೆ ಡಿನ್ ಅಳತೆಯನ್ನೇ ಹಿಡಿದುಕೊಂಡಿತ್ತು. ಆದರೂ ಅಳತೆಯೊಂದು ನೆಲೆಯಾದ್ದರಿಂದ ಒಂದೇ ಸೆಟ್ಟು ನೂರಾರು ಮಾದರಿಯ ಕಾರುಗಳಿಗೆ ಹೊಂದಿತು. ಪಯನಿಯರ್, ಸೋನಿ, ಕೆನ್‌ವುಡ್, ಜೆವಿಸಿ ಕಂಪನಿಗಳ ಪೈಪೋಟಿಯಲ್ಲಿ ಬೆಲೆ ಇಳಿಯಿತು, ಗುಣ ಏರಿತು. ಕಾರಿನಲ್ಲಿ ಕೂರುವ ಸಿ.ಡಿ. ಪ್ಲೇಯರನ್ನು ಪಯನಿಯರ್ ಮಾರುಕಟ್ಟೆಗೆ ತಂದದ್ದೂ ಅದೇ 1984ರಲ್ಲಿ.

ಸಲೀಸಾಗಿ ಬಿಚ್ಚಬಹುದಾದದ್ದನ್ನು ಕಳ್ಳರೂ ಬಿಚ್ಚಿದರು. 1980ರ ದಶಕದ ನ್ಯೂಯಾರ್ಕಿನಲ್ಲಿ ‘ರೇಡಿಯೋ ಇಲ್ಲ’ ಎಂಬ ಚೀಟಿಯನ್ನು ಕಾರಿನ ಗಾಜಿಗೆ ಅಂಟಿಸುವುದು ರೂಢಿಯಾಯಿತು. ಸೆಟ್ಟನ್ನೇ ಎಳೆದು ಕೈಯಲ್ಲಿ ಹಿಡಿದುಕೊಂಡು ಹೋಗುವ ಏರ್ಪಾಡು ಮೊದಲು ಬಂತು, ಮುಖಪಟ್ಟಿಯನ್ನಷ್ಟೇ ಕಳಚಿ ಜೇಬಿಗೆ ಹಾಕಿಕೊಳ್ಳುವುದು ಆಮೇಲೆ.

ಕಿಂಡಿಯ ಹಿಂದಿನ ವೈರುಗಳಿಗೂ ಒಂದು ಶಿಸ್ತು ಬೇಕಿತ್ತು. ಹಳೆಯ ರೇಡಿಯೋದಲ್ಲಿ ಸ್ಟೇಷನ್ ನೆನಪಿಡುತ್ತಿದ್ದದ್ದು ಒತ್ತುಗುಂಡಿಯ ಹಿಂದಿನ ಲೋಹದ ಸನ್ನೆ. ಡಿಜಿಟಲ್ ಸೆಟ್ಟು ಬಂದಾಗ ನೆನಪಿಗೂ ಕರೆಂಟು ಬೇಕಾಯಿತು. ಹೊರಗಿನ ಸೆಟ್ಟುಗಳಲ್ಲಿ ರೂಢಿಯಾದ ಬಣ್ಣಗಳು ಹೀಗೆ: ಸದಾ 12 ವೋಲ್ಟ್ ಇರುವ ವೈರು ಹಳದಿ, ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವುದು ಕೆಂಪು, ಅರ್ತಿಂಗ್ ಕಪ್ಪು, ಸ್ಪೀಕರುಗಳಿಗೆ ಬಿಳಿ, ಬೂದು, ಹಸಿರು, ನೇರಳೆಯ ಜೋಡಿಗಳು. ಕಾರು ಆರಿಸಿದಾಗಲೆಲ್ಲ ಸ್ಟೇಷನ್ನು, ಗಡಿಯಾರ ಎಲ್ಲ ಅಳಿಸಿಹೋದರೆ ಹಳದಿ, ಕೆಂಪು ಅದಲುಬದಲಾಗಿವೆ ಎಂದು ಅನುಭವಸ್ಥರು ತಟ್ಟನೆ ಹೇಳುತ್ತಾರೆ. ಕಪ್ಲರಿನ ಆಕಾರವನ್ನು ಐಎಸ್‌ಒ 10487 ಎಂಬ ಮಾನಕ ಗೊತ್ತುಮಾಡಿತು; ಯುರೋಪಿನ ಕಾರುಗಳು ಹೆಚ್ಚಾಗಿ ಅದನ್ನು ಅನುಸರಿಸಿದವು, ಜಪಾನಿನವು ತಮ್ಮ ತಮ್ಮ ಕಪ್ಲರುಗಳನ್ನೇ ಉಳಿಸಿಕೊಂಡವು. ನಡುವೆ ಸೇತುವೆಯಾಗುವ ಅಡಾಪ್ಟರ್ ವೈರಿಂಗ್ ತಯಾರಿಕೆ ಬೇರೆಯೇ ಒಂದು ಉದ್ಯಮವಾಯಿತು. ಪೆಟ್ಟಿಗೆಯ ಮೇಲೆ ಮುದ್ರಿಸುವ ‘50 ವ್ಯಾಟ್ × 4’ ಮಾತ್ರ ಅಂದಿಗೂ ಇಂದಿಗೂ ನಂಬಬಾರದ ಅಂಕಿ. 14.4 ವೋಲ್ಟಿನಲ್ಲಿ, 4 ಓಮಿನ ಸ್ಪೀಕರಿಗೆ, ಸೆಟ್ಟಿನೊಳಗಿನ ಸಾಮಾನ್ಯ ಆಂಪ್ಲಿಫೈಯರ್ ಒಡಕಿಲ್ಲದೆ ಕೊಡಬಲ್ಲದ್ದು 20 ವ್ಯಾಟಿನ ಆಸುಪಾಸು.

2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ರೇಡಿಯೋ ಸಿಟಿ ಶುರುವಾದದ್ದು ಬೆಂಗಳೂರಿನಲ್ಲಿ. ಎಫ್.ಎಂ. ಇಲ್ಲದ ಹಳೆಯ ಸೆಟ್ಟು ಬದಲಿಸಲು ಅದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ. ಜಪಾನಿನ ಒಳಮಾರುಕಟ್ಟೆಗೆಂದು ತಯಾರಾದ ಸೆಟ್ಟುಗಳಿಗೆ ಇಲ್ಲೊಂದು ತೊಡಕಿತ್ತು: ಆಗ ಅಲ್ಲಿನ ಎಫ್.ಎಂ. ಪಟ್ಟಿ 76ರಿಂದ 90 ಮೆಗಾಹರ್ಟ್ಸ್ ಆಗಿತ್ತು. ಬೆಂಗಳೂರಿನ ಹೊಸ ಕೇಂದ್ರವಿದ್ದದ್ದು 91ರಲ್ಲಿ.

ಬೆರಳಿಗೆ ಸ್ಪಂದಿಸುವ ಪರದೆಯನ್ನು ಕಾರಿಗೆ ಮೊದಲು ತಂದದ್ದು ಕಾರು ಕಂಪನಿಯೇ. 1986ರ ಬ್ಯೂಕ್ ರಿವಿಯೆರಾದಲ್ಲಿ ಟಿ.ವಿ.ಯಂಥ ಪಿಕ್ಚರ್ ಟ್ಯೂಬಿನ ಪುಟ್ಟ ಪರದೆಯೊಂದಿತ್ತು. ಚಾಲಕರಿಗೆ ಹಿಡಿಸದೆ ಕೆಲವೇ ವರ್ಷಗಳಲ್ಲಿ ಅದು ನಿಂತಿತು. ಹೊರಗಿನ ಸೆಟ್ಟುಗಳಲ್ಲಿ ಪರದೆಗೆ ಹಾದಿ ಮಾಡಿದ್ದು ದಾರಿ ತೋರಿಸುವ ನಕ್ಷೆ. ಪಯನಿಯರ್ 1990ರಲ್ಲಿ ಜಪಾನಿನಲ್ಲಿ ಜಿಪಿಎಸ್ ನಕ್ಷೆಯ ಸೆಟ್ಟು ಮಾರಿತು. ಸಿಂಗಲ್ ಡಿನ್ ಕಾರುಗಳಿಗೆ ಮೋಟರಿನ ಸಹಾಯದಿಂದ ಹೊರಬಂದು ಎದ್ದುನಿಲ್ಲುವ ಪರದೆ ಬಂತು. ಡಬಲ್ ಡಿನ್ ಕಿಂಡಿಯಲ್ಲಿ ಪರದೆ ಅಲ್ಲೇ ಕೂತಿತು. 180ಕ್ಕೆ 100ರ ಜಾಗದಲ್ಲಿ ಅಂಚು ಬಿಟ್ಟು ಹಿಡಿಸುವುದು ಹೆಚ್ಚೆಂದರೆ 7 ಇಂಚಿನ ಅಗಲ ಪರದೆ. ಕಿಂಡಿಯೊಳಗೇ ಕೂರುವ ಸೆಟ್ಟುಗಳು ಹೆಚ್ಚಾಗಿ ಅಷ್ಟಕ್ಕೇ ನಿಂತದ್ದು ಈ ಲೆಕ್ಕದಿಂದಲೇ.

2014ರ ಮಾರ್ಚಿನಲ್ಲಿ ಆಪಲ್ ಕಾರ್‌ಪ್ಲೇ, ಜೂನಿನಲ್ಲಿ ಗೂಗಲ್ಲಿನ ಆಂಡ್ರಾಯ್ಡ್ ಆಟೋ ಪ್ರಕಟವಾದವು. ನಕ್ಷೆ, ಹಾಡು, ಕರೆ ಎಲ್ಲ ಫೋನಿನಿಂದ ಬಂದು ಸೆಟ್ಟು ಬರಿಯ ಪರದೆ ಮತ್ತು ಸ್ಪೀಕರಾಯಿತು. ಹತ್ತು ವರ್ಷದ ಹಳೆಯ ಕಾರು ಇದರಿಂದ ನಿಜಕ್ಕೂ ಹೊಸದಾಗುತ್ತಿತ್ತು. ಇಂಜಿನ್ನು ಹದಿನೈದು ವರ್ಷ ಬಾಳಿದರೂ ಪರದೆ, ತಂತ್ರಾಂಶ ಐದೇ ವರ್ಷಕ್ಕೆ ಹಳತಾಗುವ ಕಾಲದಲ್ಲಿ ಇದು ಸಣ್ಣ ಲಾಭವಲ್ಲ. ಬೆನ್ನಿಗೇ ಚೀನಾದಿಂದ ಅಗ್ಗದ ‘ಆಂಡ್ರಾಯ್ಡ್ ಸ್ಟೀರಿಯೋ’ಗಳು ಬಂದವು. ಇವು ಡಿನ್ ಅಳತೆಗೆ ಕಟ್ಟುಬೀಳಲಿಲ್ಲ. 9 ಅಥವಾ 10 ಇಂಚಿನ ಪರದೆ, ಪ್ರತಿ ಕಾರಿಗೂ ಅಚ್ಚೊತ್ತಿದ ಬೇರೆ ಫ್ರೇಮು. ಭಾರತದಲ್ಲಿ ಕಡಿಮೆ ಬೆಲೆಯ ಮಾದರಿಗಳನ್ನು ಸ್ಟೀರಿಯೋ ಇಲ್ಲದೆಯೇ ಮಾರುವ ರೂಢಿ ಇದ್ದದ್ದರಿಂದ ಶೋರೂಮಿನಿಂದ ಹೊರಟ ಕಾರು ನೇರ ಆಕ್ಸೆಸರೀಸ್ ಅಂಗಡಿಗೆ ಬರುವುದು ಸಾಮಾನ್ಯವಾಯಿತು.

ಕಿಂಡಿ ಮುಚ್ಚತೊಡಗಿದ್ದೂ ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ. ಬಾಷ್ 1986ರಲ್ಲಿ ಪರಿಚಯಿಸಿದ ಕ್ಯಾನ್ ಎಂಬ ಜಾಲ ಕಾರಿನ ಗಣಕಗಳನ್ನು ಎರಡೇ ವೈರಿನಲ್ಲಿ ಬೆಸೆಯಿತು. ಕಾಲಕ್ರಮೇಣ ಸ್ಟೀರಿಯೋವೂ ಆ ಜಾಲದ ಒಬ್ಬ ಸದಸ್ಯನಾಯಿತು. ಮೊದಲು ಸ್ಟಿಯರಿಂಗ್ ಬಟನ್ನು ಒತ್ತಿದರೆ ಒಂದೇ ವೈರಿನಲ್ಲಿ ಬಟನ್ನಿಗೊಂದು ರೆಸಿಸ್ಟೆನ್ಸ್ ತೋರುತ್ತಿತ್ತು, ಹೊಸ ಸೆಟ್ಟಿಗೆ ಅದನ್ನು ಕಲಿಸಿದರೆ ಮುಗಿಯಿತು. ಈಗ ಆ ಆಜ್ಞೆ ಜಾಲದಲ್ಲಿ ಸಂದೇಶವಾಗಿ ಹರಿಯುತ್ತದೆ. ಅದನ್ನು ಬಿಡಿಸಿ ಹೇಳುವ ‘ಕ್ಯಾನ್‌ಬಸ್ ಬಾಕ್ಸ್’ ಬೇಕು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾಗಿ, ಪರದೆ ಐಷಾರಾಮದ ಪಟ್ಟಿಯಿಂದ ಸುರಕ್ಷತೆಯ ಪಟ್ಟಿಗೆ ಬಂತು. ಎ.ಸಿ., ಕಾರಿನ ಸೆಟ್ಟಿಂಗುಗಳು ಎಲ್ಲವೂ ಅದರೊಳಗೇ ಸೇರಿದವು. 2012ರ ಟೆಸ್ಲಾ ಮಾಡೆಲ್ ಎಸ್ ಕಾರಿನಲ್ಲಿದ್ದದ್ದು 17 ಇಂಚಿನ ಪರದೆ. ಅದನ್ನು ಬಿಚ್ಚಿದರೆ ಕಾರಿನ ಅರ್ಧ ಕೆಲಸ ನಿಂತಂತೆ.

ಹೊರಗೆ ಕೆಲಸ ಮಾಡಿಸಿದರೆ ವಾರಂಟಿ ಹೋಗುತ್ತದೆಂಬ ಅಂಜಿಕೆಯೂ ಹಳೆಯದೇ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ತಯಾರಕರಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡದ್ದು ಮುಖ್ಯ ಆಕ್ಷೇಪವಾಗಿತ್ತು. ಆ ಪ್ರಕರಣದ ಮೂಲದಲ್ಲಿದ್ದದ್ದೂ ಕೊಂಡ ವಾಹನದ ಮೇಲೆ ಕೊಂಡವರ ಹಕ್ಕೆಷ್ಟು ಎಂಬ ಪ್ರಶ್ನೆಯೇ.

ಪರದೆ ಬದಲಿಸಲಾಗದ ಕಾರುಗಳಲ್ಲಿ ಕಸುಬು ಬೇರೆ ದಾರಿ ಹಿಡಿದಿದೆ. ಕಂಪನಿಯ ಪರದೆಯನ್ನು ಹಾಗೇ ಬಿಟ್ಟು, ಸ್ಪೀಕರ್ ವೈರಿನಿಂದಲೇ ಸಿಗ್ನಲ್ ಪಡೆದು, ಡಿಜಿಟಲ್ ಪ್ರೊಸೆಸರಿನಲ್ಲಿ ಅದನ್ನು ತಿದ್ದಿ, ಹೊಸ ಆಂಪ್ಲಿಫೈಯರ್ ಮತ್ತು ಸ್ಪೀಕರುಗಳಿಗೆ ಕೊಡುತ್ತಾರೆ. ವೈರಿನ ಮೂಲಕ ಮಾತ್ರ ಕಾರ್‌ಪ್ಲೇ ನಡೆಯುವ ಕಡೆ ಪುಟ್ಟ ಡಾಂಗಲ್ ಸಿಕ್ಕಿಸಿ ಅದನ್ನು ವೈರ್‌ಲೆಸ್ ಮಾಡುತ್ತಾರೆ. ಡಿನ್ ಕಿಂಡಿ ಉಳಿದಿರುವ ಹಳೆಯ ಕಾರುಗಳಿಗೆ ಮಾತ್ರ 7 ಇಂಚಿನ ಸೆಟ್ಟುಗಳು ಇಂದಿಗೂ ತಯಾರಾಗುತ್ತಿವೆ, ಕೂರಿಸುವವರೂ ಇದ್ದಾರೆ.