ಭಾರವಿಳಿಸಿದ ಗೋಡೆ

ಕಟ್ಟಡದ ಮೂಲೆಯೆಂದರೆ ಅದರ ಬಲವೆಲ್ಲ ಕೂಡಿನಿಂತ ಸ್ಥಾನವೆಂಬ ಭಾವನೆ ವಾಸ್ತುಕಲೆಯಷ್ಟೇ ಪುರಾತನವಾದುದು. ಮೂಲೆಗಲ್ಲನ್ನು ಭದ್ರಪಡಿಸಿದ ಮೇಲಲ್ಲವೆ ಗೋಡೆಯನ್ನೆಬ್ಬಿಸುವುದು! ಜರ್ಮನಿಯ ಲೈನೆ ನದಿಯ ತಡಿಯಲ್ಲಿರುವ ಆಲ್ಫೆಲ್ಡ್ ಎಂಬ ಚಿಕ್ಕ ಪಟ್ಟಣದಲ್ಲಿ 1911ರಲ್ಲಿ ಆರಂಭವಾದ ಫಾಗುಸ್ ಕಾರ್ಖಾನೆಗೆ ಆಧುನಿಕ ವಾಸ್ತುಶಿಲ್ಪದ ಇತಿಹಾಸದಲ್ಲಿ ಪ್ರತ್ಯೇಕ ಸ್ಥಾನ ದೊರೆತುದು ಆ ಭಾವನೆಯನ್ನು ಅಲುಗಿಸಿದುದರಿಂದಲೇ ಹೊರತು, ಗಾಜನ್ನು ಮೊದಲು ಬಳಸಿದುದರಿಂದಲ್ಲ.

ಗಾಜಿನ ಕಟ್ಟಡಗಳು ಅದಕ್ಕೆ ಮುಂಚೆಯೂ ಇದ್ದುವು. 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಬ್ಬಿಣ ಮತ್ತು ಗಾಜುಗಳಿಂದ ನಿರ್ಮಿಸಿದ ಸ್ಫಟಿಕ ಸೌಧದ ವಂಶಕ್ಕೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆಯೂ ಸೇರಿದುದು. ಆದರೆ ಅವು ವಸ್ತುಪ್ರದರ್ಶನಕ್ಕೂ ಸಸ್ಯಗಳಿಗೂ ಮೀಸಲಾದುವು. ಗೀಂಗೆನ್ನಿನ ಸ್ಟೈಫ್ ಬೊಂಬೆ ಕಾರ್ಖಾನೆಯು 1903ರಲ್ಲೇ ಗಾಜಿನ ಜೋಡಿ ಗೋಡೆಗಳನ್ನು ಧರಿಸಿತ್ತಾದರೂ ಪಂಡಿತರ ಕಣ್ಣಿಗೆ ಅದು ಬಹುಕಾಲ ಬೀಳಲಿಲ್ಲ. ಪೇಟರ್ ಬೇರೆನ್ಸ್ 1909ರಲ್ಲಿ ಬರ್ಲಿನ್ನಿನಲ್ಲಿ ಕಟ್ಟಿದ ಟರ್ಬೈನ್ ಕಾರ್ಖಾನೆಯಾದರೋ ಎಲ್ಲರ ಗಮನವನ್ನೂ ಸೆಳೆಯಿತು. ಅದರ ಪಾರ್ಶ್ವಗಳು ಉಕ್ಕು ಗಾಜುಗಳವು. ಮೂಲೆಗಳಲ್ಲಿ ಮಾತ್ರ, ಭಾರವನ್ನು ಹೊರದಿದ್ದರೂ ಹೊತ್ತಂತೆ ನಟಿಸುವ ದಪ್ಪ ಕಾಂಕ್ರೀಟಿನ ರಾಶಿಗಳು. ದೇವಾಲಯದ ಗಾಂಭೀರ್ಯವನ್ನು ಬಿಟ್ಟುಕೊಡಲು ಬೇರೆನ್ಸನಿಗೆ ಮನಸ್ಸು ಬರಲಿಲ್ಲವೆಂದೇ ನನಗೆ ತೋರುತ್ತದೆ.

ಆತನ ಕಚೇರಿಯಲ್ಲಿ ದುಡಿದು ಹೊರಬಂದ ವಾಲ್ಟರ್ ಗ್ರೋಪಿಯಸ್ ಮತ್ತು ಆಡಾಲ್ಫ್ ಮೈಯರ್ ಎಂಬ ತರುಣರಿಗೆ ಫಾಗುಸ್ ಕಾರ್ಖಾನೆಯ ಕೆಲಸ ದೊರೆತಾಗ ಗ್ರೋಪಿಯಸನಿಗೆ ಇಪ್ಪತ್ತೆಂಟು ವರ್ಷ. ಪಾದರಕ್ಷೆ ತಯಾರಿಸಲು ಬೇಕಾದ ಮರದ ಅಚ್ಚುಗಳ ಉದ್ಯಮಿ ಕಾರ್ಲ್ ಬೆನ್‌ಷೈಟ್, ರೈಲು ಹಳಿಯ ಆಚೆಗಿದ್ದ ತನ್ನ ಹಳೆಯ ಯಜಮಾನರ ಕಾರ್ಖಾನೆಯನ್ನು ತೊರೆದು, ಅದಕ್ಕೆ ಎದುರಾಗಿಯೇ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಲು ಹೊರಟಿದ್ದ. ಒಳಗಿನ ವಿನ್ಯಾಸವನ್ನೆಲ್ಲ ಎಡುವರ್ಡ್ ವೆರ್ನರ್ ಎಂಬ ಅನುಭವಿ ವಾಸ್ತುಶಿಲ್ಪಿ ಆಗಲೇ ನಿಶ್ಚಯಿಸಿಬಿಟ್ಟಿದ್ದುದರಿಂದ ತರುಣರ ಪಾಲಿಗೆ ಉಳಿದುದು ಬಹುಮಟ್ಟಿಗೆ ಹೊರಮೈ ಮಾತ್ರ. ಆ ಹೊರಮೈಯಲ್ಲಿ ಅವರು ಗುರುವಿನ ಪಾಠವನ್ನು ತಿರುವುಮುರುವು ಮಾಡಿದರು: ಬರ್ಲಿನ್ನಿನಲ್ಲಿ ಕಂಬಗಳು ನೆಟ್ಟಗೆ ನಿಂತು ಗಾಜು ಒಳಕ್ಕೆ ವಾಲಿದ್ದರೆ, ಇಲ್ಲಿ ಹಳದಿ ಇಟ್ಟಿಗೆಯ ಕಂಬಗಳು ಕಿಂಚಿತ್ತು ಒಳಸರಿದು, ಮೂರು ಅಂತಸ್ತುಗಳ ಗಾಜು ಅವುಗಳ ಮುಂದೆ ಪರದೆಯಂತೆ ನೆಟ್ಟಗೆ ಇಳಿಬಿದ್ದಿತು. ಮೂಲೆಯಲ್ಲಿ ಕಂಬವೇ ಇಲ್ಲ. ಎರಡು ದಿಕ್ಕಿನ ಗಾಜುಗಳು ತೆಳ್ಳನೆಯ ಉಕ್ಕಿನ ಪಟ್ಟಿಯೊಂದರಲ್ಲಿ ಸಂಧಿಸುತ್ತವೆ. ಗೋಡೆಯು ಹೊರುವ ಕಾಯಕದಿಂದ ಬಿಡುಗಡೆ ಹೊಂದಿದುದನ್ನು ಸಂಕೋಚವಿಲ್ಲದೆ ಸಾರಿದ ಸ್ಥಳ ಅದು. ರೈಲಿನ ಪ್ರಯಾಣಿಕರಿಗೆ ಕಾಣುವಂತಿದ್ದ ಈ ಮುಖ ಯಜಮಾನನಿಗೆ ಜಾಹೀರಾತೂ ಆಯಿತು.

ವಿಸ್ತರಣದ ಕಾರ್ಯ, ನಡುವೆ ಮಹಾಯುದ್ಧ ಬಂದರೂ, 1925ರವರೆಗೆ ಸಾಗಿತು. ಮರುವರ್ಷ ಡೆಸ್ಸೌನಲ್ಲಿ ಗ್ರೋಪಿಯಸನೇ ಬೌಹೌಸ್ ಶಾಲೆಯ ಕಾರ್ಯಾಗಾರಕ್ಕೆ, ಕಂಬಗಳನ್ನು ಪೂರ್ತಿ ಒಳಗಡೆ ಅಡಗಿಸಿ, ಅಖಂಡವಾದ ಗಾಜಿನ ಆವರಣವನ್ನು ತೊಡಿಸಿದನು. 1931ರಲ್ಲಿ ಮುಗಿದ ರಾಟರ್‌ಡ್ಯಾಮಿನ ವಾನ್ ನೆಲ್ಲೆ ಕಾರ್ಖಾನೆ ಅದೇ ತತ್ತ್ವವನ್ನು ಇನ್ನೂ ವಿಶಾಲವಾಗಿ ಪ್ರಯೋಗಿಸಿತು. ಸೌಂದರ್ಯಕ್ಕೆ ತೆತ್ತ ಬೆಲೆಯೂ ಉಂಟು. ಡೆಸ್ಸೌನ ಕಾರ್ಯಾಗಾರದಲ್ಲಿ ಬೇಸಿಗೆಯ ಸೆಕೆ, ಚಳಿಗಾಲದ ಶೈತ್ಯ ಎರಡೂ ಅತಿಯಾಗಿದ್ದುವು. 1952ರ ನ್ಯೂಯಾರ್ಕಿನ ಲಿವರ್ ಹೌಸ್ ಈ ತೊಡಕಿಗೆ ಕಂಡುಕೊಂಡ ಉಪಾಯವಾದರೂ ಎಂಥದು? ಕಿಟಕಿಗಳನ್ನು ತೆರೆಯಲಾಗದಂತೆ ಮುಚ್ಚಿ, ಗಾಳಿಯನ್ನು ತಂಪಾಗಿಸುವ ಹೊಣೆಯನ್ನು ಯಂತ್ರಗಳಿಗೆ ಒಪ್ಪಿಸಿಬಿಡುವುದು.