ಉಣುಗು: ಪಶ್ಚಿಮ ಘಟ್ಟದ ಕಾಡುಪ್ರಾಣಿಗಳಲ್ಲಿ

ಉಣುಗು ಅಥವಾ ಉಣ್ಣಿ, ಜೇಡ ಮತ್ತು ಚೇಳುಗಳ ವರ್ಗಕ್ಕೆ ಸೇರಿದ ರಕ್ತಹೀರುಕ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹೀಮಾಫೈಸಾಲಿಸ್ ಕುಲದ ಹಲವು ಪ್ರಭೇದಗಳಿವೆ. ಇವುಗಳಲ್ಲಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಮಂಗನ ಕಾಯಿಲೆಯ ಮುಖ್ಯ ವಾಹಕ.

ವರ್ಗೀಕರಣ: ಈ ಪ್ರಭೇದವನ್ನು ಫ್ರಾನ್ಸಿನ ಪ್ರಾಣಿವಿಜ್ಞಾನಿ ನ್ಯೂಮನ್ 1897ರಲ್ಲಿ ವಿವರಿಸಿ ಹೆಸರಿಟ್ಟರು. 1915ರಲ್ಲಿ ನಟಾಲ್ ಮತ್ತು ವಾರ್ಬರ್ಟನ್ ಹೀ. ಟರ್ಟುರಿಸ್ ಪ್ರಭೇದವನ್ನು ಗುರುತಿಸಿದರು. ಭಾರತದ ಗಟ್ಟಿಕವಚದ ಉಣುಗುಗಳನ್ನು ಶರೀಫ್ 1928ರಲ್ಲಿ ಮರುಪರಿಶೀಲಿಸಿದರು. ಆವರೆಗಿನ ಕೆಲಸವೆಲ್ಲ ಬಹುಮಟ್ಟಿಗೆ ಸಂಗ್ರಹಾಲಯದ ಮಾದರಿಗಳ ಮೇಲೆ ನಡೆದದ್ದು. ಜೀವಂತ ಉಣುಗು ಕಾಡಿನಲ್ಲಿ ಯಾವ ಪ್ರಾಣಿಯಿಂದ ಯಾವುದಕ್ಕೆ ದಾಟುತ್ತದೆ ಎಂಬುದು ಅದರಿಂದ ತಿಳಿಯುವಂತಿರಲಿಲ್ಲ.

1957ರ ತಿರುವು: ಆ ವರ್ಷ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳತೊಡಗಿದವು, ಆಸುಪಾಸಿನ ಹಳ್ಳಿಗರಿಗೆ ತೀವ್ರ ಜ್ವರ ಬಂತು; ಇದೇ ಮಂಗನ ಕಾಯಿಲೆ. ಮೊದಲು ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಶಂಕೆ ಮೂಡಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಹೋದ್ಯೋಗಿಗಳು ಬೇರ್ಪಡಿಸಿದ ವೈರಸ್ ರಷ್ಯಾದ ಉಣುಗುಜನ್ಯ ಮಿದುಳುರಿತದ ವೈರಸ್ಸಿಗೆ ಹತ್ತಿರದ್ದಾಗಿತ್ತು. ಹೀಗೆ ಸೊಳ್ಳೆಯ ಬದಲು ಉಣುಗಿನತ್ತ ಗಮನ ಹರಿಯಿತು, ಹೀ. ಸ್ಪಿನಿಜೆರಾದಲ್ಲೂ ಅದೇ ವೈರಸ್ ಸಿಕ್ಕಿತು. ವಲಸೆ ಹಕ್ಕಿಗಳು ಅದನ್ನು ತಂದಿರಬಹುದೇ ಎಂಬ ಪ್ರಶ್ನೆಯಿಂದ ಹಕ್ಕಿಗಳಿಗೆ ಉಂಗುರ ತೊಡಿಸುವ ಪಕ್ಷಿತಜ್ಞ ಸಲೀಂ ಅಲಿಯವರ ಅಧ್ಯಯನಕ್ಕೂ ನೆರವು ದೊರೆಯಿತು. ಟ್ರಾಪಿಡೊ, ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್ 1964ರಲ್ಲಿ ವಿವರಿಸಿದ ಹೊಸ ಉಣುಗನ್ನು ಈ ಕಾಡಿನ ಹೆಸರಿನಿಂದಲೇ ಹೀ. ಕ್ಯಾಸನೂರೆನ್ಸಿಸ್ ಎಂದು ಕರೆದರು.

ಜೀವನಚಕ್ರ: ಹೀ. ಸ್ಪಿನಿಜೆರಾ ಮೂರು ಆಶ್ರಯಪ್ರಾಣಿಗಳ ಉಣುಗು. ಆರು ಕಾಲಿನ ಲಾರ್ವಾ ಮತ್ತು ಎಂಟು ಕಾಲಿನ ನಿಂಫ್ ಇಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ ಹಾಗೂ ಮಂಗಗಳ ರಕ್ತ ಕುಡಿಯುತ್ತವೆ. ಪ್ರತಿ ಊಟದ ನಂತರ ನೆಲಕ್ಕುದುರಿ ಪೊರೆ ಕಳಚುತ್ತವೆ. ಮಳೆಗಾಲದಲ್ಲಿ ಕಾಣುವ ಪ್ರೌಢ ಉಣುಗು ಕಾಟಿ, ಕಡವೆ, ದನಗಳಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ನಿಂಫ್. ಒಣಹವೆಯ ತಿಂಗಳುಗಳಲ್ಲಿ ಅದರ ಸಂಖ್ಯೆ ಏರುವುದರಿಂದ, ಸೌದೆಗೂ ದರಗಿಗೂ ಕಾಡು ಹೊಕ್ಕವರಿಗೆ ಕಾಯಿಲೆ ತಗಲುವುದೂ ಆಗಲೇ.

ದನಗಳು ಈ ವೈರಸ್ಸನ್ನು ಹೆಚ್ಚಿಸುವುದಿಲ್ಲ, ಆದರೆ ಉಣುಗಿನ ಸಂತತಿಯನ್ನು ಬೆಳೆಸುತ್ತವೆ. ಕಾಡಂಚಿನಲ್ಲಿ ದನ ಮೇಯುವುದು ಹೆಚ್ಚಿದಂತೆ ಉಣುಗೂ ಊರಿಗೆ ಹತ್ತಿರವಾಗುತ್ತದೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಸುತ್ತ ಚದುರಿ, ಆ ಜಾಗ ಅಪಾಯದ ತಾಣವಾಗುತ್ತದೆ.

ಹರಹು: 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಭಾಗದಲ್ಲೂ, 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾಗಳಲ್ಲೂ ಕಾಯಿಲೆ ಕಂಡಿತು. ಈ ಉಣುಗು ಶ್ರೀಲಂಕಾದಲ್ಲೂ ಇದೆ; ವಾಹಕವಿದ್ದಲ್ಲೆಲ್ಲ ಕಾಯಿಲೆ ಇಲ್ಲ. ಆದ್ದರಿಂದ ಮಲೆನಾಡಿನಲ್ಲಿ ಸತ್ತ ಮಂಗವೇ ಇಂದಿಗೂ ಮೊದಲ ಎಚ್ಚರಿಕೆ.